ಆಸ್ಪತ್ರೆಯಲ್ಲೇ ರಾಜಿ ಮಾಡ್ಕೋಬೇಡಿ: ನಮ್ಮ ಅತ್ತೆಗೆ ಆದದ್ದು ನಿಮ್ಮ ಮನೆಯವರಿಗೆ ಆಗದಿರಲಿ

ನಡೆದು ಹೋಗುತ್ತಿದ್ದವರಿಗೆ ಗಾಡಿ ಗುದ್ದಿದರೆ ಮೊದಲ ಕೆಲಸ ಆಸ್ಪತ್ರೆಗೆ ಸೇರಿಸುವುದು. ಅದು ಎಲ್ಲರಿಗೂ ಗೊತ್ತು. ಎರಡನೇ ಕೆಲಸ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪೆಟ್ಟು ಹೇಗಾಯಿತು ಅಂತ ಆಸ್ಪತ್ರೆಯವರು ಏನು ಬರೆದುಕೊಂಡರು ಅನ್ನುವುದನ್ನು ಕಣ್ಣಾರೆ ನೋಡಬೇಕು. ಆ ಒಂದು ಸಾಲು ಸುಳ್ಳಾಗಿದ್ದಕ್ಕೆ ನಮ್ಮ ಸೋದರತ್ತೆಗೆ ಬರಬೇಕಾಗಿದ್ದ ಪರಿಹಾರ ಇವತ್ತಿಗೂ ಬಂದಿಲ್ಲ.

ಅತ್ತೆ ಇರುವುದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ ಹಾಕಿಕೊಡುತ್ತಾರೆ. 2022ರ ದಸರಾ ಕಳೆದ ಮೇಲೆ ಒಂದು ಸಂಜೆ, ಹೊಲಿದ ಬಟ್ಟೆ ಕೊಟ್ಟು ಬರೋಣ ಅಂತ ಹೊರಟಿದ್ದರು. ಆ ರಸ್ತೆಯಲ್ಲಿ ಫುಟ್‌ಪಾತ್ ಇಲ್ಲ. ಚರಂಡಿ ಚಪ್ಪಡಿ ಮೇಲೆಲ್ಲ ತರಕಾರಿ ಗಾಡಿಗಳು. ಹಾಗಾಗಿ ಟಾರಿನ ಅಂಚಿನಲ್ಲೇ ನಡೆಯುತ್ತಿದ್ದರು. ಹಿಂದಿನಿಂದ ಬೈಕ್ ಬಂದು ಗುದ್ದಿತು. ಬಲಗಾಲಿನಲ್ಲಿ ಮಂಡಿ ಕೆಳಗಿನ ಎರಡೂ ಮೂಳೆ ಮುರಿದವು.

ಬೈಕಿನ ಹುಡುಗ ಓಡಿ ಹೋಗಲಿಲ್ಲ. ಆಟೋ ನಿಲ್ಲಿಸಿ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಅದಕ್ಕೆ ಅವನ ಮೇಲೆ ನಮಗೆ ಈಗಲೂ ಗೌರವ ಇದೆ. ತೊಂದರೆ ಶುರುವಾದದ್ದು ಅವನ ತಂದೆ ಬಂದ ಮೇಲೆ.

"ಅಣ್ಣಾ, ಹುಡುಗಂದು ಇದು ಕೊನೇ ವರ್ಷ. ಪೊಲೀಸ್ ಕೇಸು ಅಂತ ಆದ್ರೆ ಮುಂದೆ ಎಲ್ಲೂ ಕೆಲಸ ಸಿಗಲ್ಲ. ಎಷ್ಟೇ ಖರ್ಚಾಗ್ಲಿ, ನಾನು ನೋಡ್ಕೋತೀನಿ" ಅಂತ ಮಾವನ ಕೈ ಹಿಡಿದುಕೊಂಡರಂತೆ. ಕೌಂಟರಿನಲ್ಲಿ 30,000 ರೂಪಾಯಿ ಕಟ್ಟಿದರು. ಆಸ್ಪತ್ರೆಯ ಸಿಬ್ಬಂದಿಯೂ ಅವರ ಮಾತಿಗೆ ಜೊತೆಯಾದರು. ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪೆಟ್ಟು ಅಂತ ಆಸ್ಪತ್ರೆಯವರು ಬರೆಯುವ ದಾಖಲೆ) ಮಾಡಿದರೆ ಪೊಲೀಸರು ಬರಬೇಕು, ಆಪರೇಷನ್ ತಡವಾಗುತ್ತೆ ಅಂದರು. ಇದು ಶುದ್ಧ ಸುಳ್ಳು. ಅಪಘಾತದಲ್ಲಿ ಪೆಟ್ಟಾದವರಿಗೆ ಮೊದಲು ಚಿಕಿತ್ಸೆ, ಪೊಲೀಸ್ ವಿಧಿವಿಧಾನ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದರೆ ಹೆಂಡತಿ ನೋವಿನಿಂದ ಕೂಗುತ್ತಿರುವಾಗ ಅದೆಲ್ಲ ಯಾರಿಗೆ ಹೊಳೆಯುತ್ತೆ? ಮಾವ ಒಪ್ಪಿದರು.

ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಿತ್ತು. ಮನೆ ಮುಂದೆ ಕಾಲು ಜಾರಿ ಬಿದ್ದರು ಅಂತ. ಬೈಕಿನ ಹೆಸರೇ ಇಲ್ಲ. ಮಾರನೇ ದಿನ ಛಾಪಾ ಕಾಗದದ ಮೇಲೆ ಒಂದು ಮುಚ್ಚಳಿಕೆ ಬಂತು. ಮುಂದೆ ಯಾವ ಕೇಸೂ ಹಾಕುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ಮಾವನ ಸಹಿ, ಅತ್ತೆಯ ಸಹಿ ಎರಡೂ ತೆಗೆದುಕೊಂಡರು. ಕಾಲಿಗೆ ಆಗಷ್ಟೇ ರಾಡ್ ಹಾಕಿಸಿಕೊಂಡು ಮಲಗಿದ್ದವರ ಕೈಯಲ್ಲಿ ಸಹಿ!

ಆಮೇಲೆ ಆದದ್ದನ್ನು ಉದ್ದ ಮಾಡುವುದಿಲ್ಲ. ಮೂಳೆ ಸರಿಯಾಗಿ ಕೂಡಲಿಲ್ಲ. ಎರಡನೇ ಆಪರೇಷನ್ ಬೇಕಾಯಿತು. ಹುಡುಗನ ತಂದೆ ಮೊದಮೊದಲು "ನಾಳೆ ಬರ್ತೀನಿ" ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಒಟ್ಟು ಖರ್ಚು ಮೂರು ಲಕ್ಷದ ಹತ್ತಿರ ಬಂತು. ಅತ್ತೆಯ ಬಳೆ ಸೊಸೈಟಿಯಲ್ಲಿ ಅಡವಿಗೆ ಹೋದವು.

ಸಂಕ್ರಾಂತಿ ಕಳೆದ ಮೇಲೆ ಸ್ಟೇಷನ್‌ಗೆ ಹೋಗಿ ದೂರು ಕೊಟ್ಟರು. ಎಫ್‌ಐಆರ್ ಆಯಿತು, ಚಾರ್ಜ್‌ಶೀಟ್ ಕೂಡ ಆಯಿತು. ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಗಡುವಿನೊಳಗೇ ಹಾಕಿದೆವು. ಜನ ಇದನ್ನು ಎಂಎಸಿಟಿ ಅಂತಾರೆ. ನಮ್ಮ ಕಡೆ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲೇ ನಡೆಯುತ್ತೆ, ಬೆಂಗಳೂರಿನಲ್ಲಾದರೆ ಸ್ಮಾಲ್ ಕಾಸಸ್ ಕೋರ್ಟ್.

ಅತ್ತೆಯ ಪಾಟೀಸವಾಲಿನ ದಿನ ನಾನೂ ಹೋಗಿದ್ದೆ. ಇನ್ಶೂರೆನ್ಸ್ ಕಂಪನಿಯ ವಕೀಲರು ಆ ಕೇಸ್ ಶೀಟನ್ನು ಅತ್ತೆಯ ಕೈಗೆ ಕೊಡಿಸಿದರು. "ಇದರಲ್ಲಿ ಏನು ಬರೆದಿದೆ ಗೊತ್ತಾ ಅಮ್ಮಾ?" ಅಂದರು. ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. "ಗೊತ್ತಿಲ್ಲ ಸಾರ್" ಅಂದರು. ವಕೀಲರೇ ಓದಿ ಹೇಳಿದರು. ಆಮೇಲೆ ಆಸ್ಪತ್ರೆಯ ಡಾಕ್ಟರು ಸಾಕ್ಷಿಗೆ ಬಂದು, ದಾಖಲೆಯಲ್ಲಿ ಇರುವುದು ಹಾಗೇ ಅಂದರು. ಬೈಕ್ ಗುದ್ದಿತು ಅನ್ನುವುದೇ ಸಾಬೀತಾಗಿಲ್ಲ ಅಂತ ಅರ್ಜಿ ವಜಾ ಆಯಿತು.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಆ ಬೈಕಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು. ಹುಡುಗನಿಗೆ ಲೈಸೆನ್ಸ್ ಇತ್ತು. ಇದ್ದದ್ದನ್ನು ಇದ್ದ ಹಾಗೇ ಬರೆಸಿದ್ದರೆ ಪರಿಹಾರ ಕೊಡಬೇಕಾಗಿದ್ದದ್ದು ಇನ್ಶೂರೆನ್ಸ್ ಕಂಪನಿ. ಹುಡುಗನ ತಂದೆ ಕೌಂಟರಿನಲ್ಲಿ ಕಟ್ಟಿದ ಆ 30,000 ಕೂಡ ಅವರು ಕಟ್ಟಬೇಕಾಗಿರಲಿಲ್ಲ. ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿರುವುದು ಇದಕ್ಕೇ ಅಲ್ವಾ? ಆ 'ಥರ್ಡ್ ಪಾರ್ಟಿ' ಅಂದರೆ ನಡೆದು ಹೋಗುತ್ತಿದ್ದ ನಮ್ಮ ಅತ್ತೆಯೇ. 'ಪಾಪ, ಹುಡುಗನ ಮನೆಯವರಿಗೆ ಹೊರೆ ಆಗುತ್ತೆ' ಅಂದುಕೊಂಡು ಎಷ್ಟೋ ಜನ ಸುಮ್ನೆ ಆಗುತ್ತಾರೆ. ಗಾಡಿ ನಂಬರ್ ಗೊತ್ತಿದ್ದರೆ ಎಂಪರಿವಾಹನ್ ಆಪ್‌ನಲ್ಲಿ ಹಾಕಿ ನೋಡಿ. ಇನ್ಶೂರೆನ್ಸ್ ಯಾವತ್ತಿನವರೆಗೆ ಇದೆ ಅಂತ ತೋರಿಸುತ್ತೆ.

ಏನು ಕಳೆದುಕೊಂಡೆವು ಅಂತ ಲೆಕ್ಕ ಹೇಳುತ್ತೇನೆ. ಪರಿಹಾರ ಅಂದರೆ ಆಸ್ಪತ್ರೆ ಬಿಲ್ಲು ಅಷ್ಟೇ ಅಂದುಕೊಂಡವರು ಜಾಸ್ತಿ. ಬಿಲ್ಲಿನ ಜೊತೆಗೆ ನೋವಿಗೆ, ನೋಡಿಕೊಳ್ಳುವವರ ಖರ್ಚಿಗೆ, ಓಡಾಟಕ್ಕೆ, ಮಲಗಿದ್ದ ತಿಂಗಳುಗಳ ಸಂಪಾದನೆಗೆ, ಮುಂದೆ ರಾಡ್ ತೆಗೆಸುವ ಖರ್ಚಿಗೆ, ಎಲ್ಲಕ್ಕೂ ಕೇಳಬಹುದು. ದೊಡ್ಡ ಮೊತ್ತ ಬರುವುದು ಊನದಿಂದ ಮುಂದೆ ಕಳೆದುಹೋಗುವ ಸಂಪಾದನೆಗೆ. ಅದಕ್ಕೆ ವಯಸ್ಸಿನ ಮೇಲೆ ಒಂದು ಗುಣಕ ಇದೆ. ವರ್ಷದ ಸಂಪಾದನೆಯನ್ನು ಆ ಗುಣಕದಿಂದ ಗುಣಿಸಿ, ಅದರಲ್ಲಿ ಊನದ ಪರ್ಸೆಂಟ್ ಹಿಡಿಯುತ್ತಾರೆ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ ಪ್ರಕಾರ 46ರಿಂದ 50 ವಯಸ್ಸಿನವರಿಗೆ 13. ಅತ್ತೆಗೆ ಆಗ 48.

ಡಾಕ್ಟರು ಕಾಲಿಗೆ 45 ಪರ್ಸೆಂಟ್ ಊನ ಅಂತ ಬರೆದುಕೊಟ್ಟರು ಅನ್ನಿ. ನಮ್ಮ ಕಡೆ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಅಂತ ಹಿಡಿಯುತ್ತಾರೆ, ಅಂದರೆ 15. ತಿಂಗಳ ಸಂಪಾದನೆ 12,000 ಅಂತ ಇಟ್ಟುಕೊಂಡರೆ, ಆ ಒಂದು ಬಾಬ್ತಿಗೇ 2,80,800 ರೂಪಾಯಿ ಆಗುತ್ತೆ. ಇಲ್ಲಿ ಇನ್ನೊಂದು ಮುಖ್ಯ ವಿಷಯ ಇದೆ. ಅತ್ತೆಯದು ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್. ಅವರ ಸಂಪಾದನೆ ಇದ್ದದ್ದೇ ಆ ಬಲಗಾಲಿನಲ್ಲಿ. ಈಗ ಒಂದು ಬ್ಲೌಸ್ ಮುಗಿಸುವಷ್ಟರಲ್ಲಿ ಎರಡು ಸಲ ಎದ್ದು ಕಾಲು ನೀವಿಕೊಳ್ಳುತ್ತಾರೆ. ಊನದ ಪರ್ಸೆಂಟ್ ಒಂದೇ ಅಲ್ಲ, ಆ ಮನುಷ್ಯ ಮಾಡುವ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅಂತ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಾಗೆ ನೋಡಿ 30 ಅಂತ ಹಿಡಿದಿದ್ದರೆ ಅದೇ ಲೆಕ್ಕ 5,61,600 ಆಗುತ್ತೆ. ಹಾಗಾಗಿ ಗಾಯಾಳು ಏನು ಕೆಲಸ ಮಾಡುತ್ತಾರೆ, ಯಾವ ಅಂಗದಿಂದ ಮಾಡುತ್ತಾರೆ ಅನ್ನುವುದನ್ನು ವಕೀಲರಿಗೆ ಬಿಡಿಸಿ ಹೇಳಿ. 'ಮನೆಯಲ್ಲೇ ಇರ್ತಾರೆ' ಅಂತ ತೇಲಿಸಿಬಿಡಬೇಡಿ. ಮನೆಗೆಲಸಕ್ಕೂ ಬೆಲೆ ಕಟ್ಟಿ ಪರಿಹಾರ ಕೊಡಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇಂಥದ್ದು ನಿಮ್ಮ ಮನೆಯಲ್ಲಿ ಆದರೆ, ದೇವರೇ ಆಗದಿರಲಿ, 108 ಅಥವಾ 112ಕ್ಕೆ ಫೋನ್ ಮಾಡಿ. ಗಾಡಿ ಮತ್ತು ನಂಬರ್ ಪ್ಲೇಟಿನ ಫೋಟೋ ತೆಗೆಯಿರಿ. ಆಸ್ಪತ್ರೆಯಲ್ಲಿ "ಇಂಥ ಗಾಡಿ ಗುದ್ದಿತು, ಎಂಎಲ್‌ಸಿ ಬರೆಯಿರಿ" ಅಂತ ಬಾಯಿಬಿಟ್ಟು ಹೇಳಿ. ಬರೆದದ್ದನ್ನು ಓದಿಸಿ ಕೇಳಿ. ಗುದ್ದಿದವರ ಕಡೆಯವರೇ ಆಸ್ಪತ್ರೆಗೆ ಸೇರಿಸಿದ್ದರೆ ಇನ್ನೂ ಹುಷಾರಾಗಿರಿ, ಯಾಕಂದರೆ ಪೆಟ್ಟಿನ ಕಾರಣ ಹೇಳಿರುವವರು ಅವರೇ. ತಪ್ಪಾಗಿ ಬರೆದಿದ್ದರೆ ಅವತ್ತೇ ಡಾಕ್ಟರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕೇಸ್ ಶೀಟಿನ ನಕಲು ಕೇಳುವುದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಇದೆ.

ಈಗ ನಿಜ ಬರೆಸಲು ಇನ್ನೊಂದು ಕಾರಣವೂ ಇದೆ. 2025ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆ ಯೋಜನೆ ಬಂದಿದೆ. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಯಲ್ಲಿ ಏಳು ದಿನದವರೆಗೆ 1.5 ಲಕ್ಷದ ತನಕ ಚಿಕಿತ್ಸೆ ಸಿಗುತ್ತೆ. ಅದಕ್ಕೆ ಇದು ಅಪಘಾತ ಅಂತ ಪೊಲೀಸರ ದೃಢೀಕರಣ ಬೇಕು. 'ಕಾಲು ಜಾರಿ ಬಿದ್ದರು' ಅಂತ ಬರೆಸಿದರೆ ಅದೂ ಹೋಯಿತು.

ದೂರನ್ನು ಅವತ್ತೇ, ಆಗದಿದ್ದರೆ ಮಾರನೇ ದಿನವೇ ಕೊಡಿ. ಗಾಯಾಳುವೇ ಹೋಗಬೇಕಿಲ್ಲ, ಮನೆಯವರು ಸಾಕು. ಸ್ಟೇಷನ್‌ನಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ. ಸ್ಥಳ ಮಹಜರಿನ ನಕ್ಷೆಯಲ್ಲಿ ಗುದ್ದಿದ ಜಾಗವನ್ನು ಸರಿಯಾಗಿ ಗುರುತಿಸಿದ್ದಾರಾ, ಫುಟ್‌ಪಾತ್ ಇಲ್ಲದ್ದನ್ನು ಬರೆದಿದ್ದಾರಾ ನೋಡಿ. ನಡೆಯುವವರ ಕೇಸಿನಲ್ಲಿ ಕಂಪನಿಯ ದೊಡ್ಡ ವಾದ 'ಅವರೇ ಅಡ್ಡ ಬಂದರು' ಅನ್ನುವುದು. ಅದನ್ನು ಕೋರ್ಟ್ ಒಪ್ಪಿದರೆ ಅಷ್ಟು ಪಾಲು ಪರಿಹಾರ ಕಟ್. ಹತ್ತಿರದ ಅಂಗಡಿ, ಪೆಟ್ರೋಲ್ ಬಂಕಿನ ಕ್ಯಾಮೆರಾ ದೃಶ್ಯ ಬೇಗ ಅಳಿಸಿಹೋಗುತ್ತೆ. ಅದನ್ನು ವಶಕ್ಕೆ ತೆಗೆದುಕೊಳ್ಳಿ ಅಂತ ದೂರಿನಲ್ಲೇ ಬರೆಯಿರಿ.

2022ರ ಏಪ್ರಿಲ್ 1ರಿಂದ ಬಂದ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ಗಾಯಾಳುವಿನ ಹಕ್ಕುಗಳೇನು ಅಂತ ಒಂದು ಫಾರಂ ಕೂಡ ಹತ್ತು ದಿನದಲ್ಲಿ ಕೊಡಬೇಕು. ಕೇಳಿ ತೆಗೆದುಕೊಳ್ಳಿ. ಆದರೆ ಅದನ್ನೇ ನಂಬಿ ಕೂರಬೇಡಿ. ಅದೇ ದಿನದಿಂದ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವೂ ಬಂದಿದೆ. ಆ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ ನಿಜ. ಆದರೂ ನೀವು ಆರು ತಿಂಗಳೊಳಗೇ ಹಾಕಿಬಿಡಿ. ಅಪಘಾತವಾದ ಜಾಗದಲ್ಲೇ ಹಾಕಬೇಕು ಅಂತಿಲ್ಲ. ಗಾಯಾಳು ವಾಸ ಇರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು.

ವಾರ್ಡಿಗೇ ಬಂದು "ಕೇಸ್ ನಾವು ಮಾಡಿಸಿಕೊಡ್ತೀವಿ, ಬಂದದ್ರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನುವವರಿಂದ ದೂರ ಇರಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ನಿಯಮಕ್ಕೇ ವಿರುದ್ಧ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ದುಡ್ಡಿಲ್ಲ ಅಂದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಗುದ್ದಿದ ಗಾಡಿ ಯಾವುದು ಅಂತ ಗೊತ್ತಾಗದೇ ಹೋದರೂ ಕೈಚೆಲ್ಲಬೇಡಿ. ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಾಗಿದ್ದರೆ 2 ಲಕ್ಷ, ತೀವ್ರ ಗಾಯವಾಗಿದ್ದರೆ 50,000 ರೂಪಾಯಿ ಸಿಗುತ್ತೆ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಅರ್ಜಿಯನ್ನು ಕಂದಾಯ ಇಲಾಖೆಯ ವಿಚಾರಣಾ ಅಧಿಕಾರಿ ತೆಗೆದುಕೊಳ್ಳುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಇದಕ್ಕೂ ಎಫ್‌ಐಆರ್ ಮತ್ತು ಆಸ್ಪತ್ರೆಯ ಸರಿಯಾದ ದಾಖಲೆ ಬೇಕೇ ಬೇಕು.

ಈಗಾಗಲೇ ನಮ್ಮ ಹಾಗೆ ರಾಜಿ ಆಗಿಹೋಗಿದ್ದರೆ? ಅಲ್ಲಿಗೆ ಮುಗಿಯಿತು ಅಂತಿಲ್ಲ. ದೂರು ತಡವಾಯಿತು ಅನ್ನುವುದೊಂದರಿಂದಲೇ ಪರಿಹಾರ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ, ರವಿ ಮತ್ತು ಬದರೀನಾರಾಯಣ್ ಪ್ರಕರಣದಲ್ಲಿ ಹೇಳಿದೆ. ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಾದ ಸಾಕ್ಷ್ಯವೂ ಇಲ್ಲಿ ಬೇಕಿಲ್ಲ. ಅದೇ ಆಧಾರದ ಮೇಲೆ, ತೀರ್ಪು ಬಂದ 90 ದಿನದೊಳಗೆ ಹೈಕೋರ್ಟಿಗೆ ಅಪೀಲು ಹಾಕಿದ್ದೇವೆ. ಅವತ್ತು ಅತ್ತೆಯನ್ನು ಎತ್ತಿ ಆಟೋದಲ್ಲಿ ಕೂರಿಸಿದ ತರಕಾರಿ ಅಂಗಡಿಯವರು, ಬೇಕಾದರೆ ಮತ್ತೆ ಬಂದು ಸಾಕ್ಷಿ ಹೇಳುತ್ತೇನೆ ಅಂದಿದ್ದಾರೆ. ನಿಮ್ಮದೂ ಇಂಥದ್ದೇ ಕೇಸಾಗಿದ್ದರೆ ನೋಡಿದವರ ಹೆಸರು, ಫೋನ್ ನಂಬರ್ ಇವತ್ತೇ ಬರೆದಿಟ್ಟುಕೊಂಡು ವಕೀಲರ ಹತ್ತಿರ ಹೋಗಿ.