ಎರಡು ಪವನಿನ ಸರ ಮೂರು ಪವನ್ ಆಗಲು: ಶೋರೂಮಾ, ಆಚಾರಿಯಾ?

ಹಳೆ ಸರ ಕೊಟ್ಟು ದಪ್ಪದ್ದು ಮಾಡಿಸಲು ಮಂಗಳೂರಿನಲ್ಲಿ ಮುಖ್ಯವಾಗಿ ಎರಡು ದಾರಿ. ಹಂಪನಕಟ್ಟೆ ಕಡೆಯ ಶೋರೂಮುಗಳ ಎಕ್ಸ್‌ಚೇಂಜ್, ಇಲ್ಲದಿದ್ದರೆ ಗುರುತಿನ ಆಚಾರಿ, ಅಂದರೆ ಅಕ್ಕಸಾಲಿಗ. ಎರಡನ್ನೂ ಮಾಡಿಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ: ಸಾದಾ ಸರ, ಬಳೆಗೆ ಆಚಾರಿಯೇ ಲಾಭ. ರೇಟು ದಿನಾ ಬದಲಾಗುತ್ತದೆ, ಹಾಗಾಗಿ ಲೆಕ್ಕ ಗ್ರಾಮಿನಲ್ಲೇ ಹಾಕುವ.

ಒಂದು ಪವನ್ ಎಂದರೆ 8 ಗ್ರಾಂ. ಹಳೆ ಸರ 16 ಗ್ರಾಂ, ಶುದ್ಧತೆ ನೋಡುವ ಕ್ಯಾರೆಟ್ ಮೀಟರಿನಲ್ಲಿ ಶೇ 88 ಬಂತು ಎಂದಿಟ್ಟುಕೊಳ್ಳಿ. ಅಪರಂಜಿ 14.08 ಗ್ರಾಂ, 916ರ (ಶೇ 91.6 ಶುದ್ಧತೆಯ 22 ಕ್ಯಾರೆಟ್) ಲೆಕ್ಕದಲ್ಲಿ 15.37. ಶೋರೂಮಿನ ಹೊಸ ಸರ 24 ಗ್ರಾಂ, ವೇಸ್ಟೇಜ್ (ಕೆಲಸದಲ್ಲಿ ಸವೆಯುವ ಚಿನ್ನವೆಂದು ಸೇರಿಸುವ ತೂಕ) ಶೇ 10 ಆದರೆ ಬಿಲ್ಲು 26.4 ಗ್ರಾಮಿಗೆ. ಅದರ ಮೇಲೆ ಶೇ 3 ಜಿಎಸ್‌ಟಿ. ವ್ಯತ್ಯಾಸದ ಮೊತ್ತಕ್ಕಲ್ಲ, ಹೊಸ ಸರದ ಪೂರ್ತಿ ಬೆಲೆಗೆ. ಒಟ್ಟು 27.19. ಹಳೆಯದನ್ನು ಕಳೆದರೆ 11.82 ಗ್ರಾಮಿನ ದುಡ್ಡು ಕೊಟ್ಟು 8 ಗ್ರಾಂ ಹೆಚ್ಚಿಸಿಕೊಂಡ ಹಾಗಾಯಿತು. ‘ಹಳೆ ಚಿನ್ನಕ್ಕೆ ಕಡಿತವಿಲ್ಲ’ ಎಂಬ ಬೋರ್ಡು ನೋಡಿದರೆ ಮೊದಲು ವೇಸ್ಟೇಜ್ ಎಷ್ಟೆಂದು ಕೇಳಿ.

ಆಚಾರಿಗೆ ಅದೇ ಸರದ ಜೊತೆ 8 ಗ್ರಾಮಿನ 24 ಕ್ಯಾರೆಟ್ ನಾಣ್ಯ ಕೊಡಿ. ಎರಡೂ ಸೇರಿದರೆ 24 ಗ್ರಾಂ, ಅಪರಂಜಿ ಶೇ 92. ತಾಮ್ರ ಬೆರೆಸುವುದೇ ಬೇಡ. ಜಿಎಸ್‌ಟಿ ಸೇರಿ ನಾಣ್ಯದ ಖರ್ಚು 916ರ 9 ಗ್ರಾಮಿನಷ್ಟು. ಮಜೂರಿ, ಸವಕಳಿ ಶೇ 5 ಹಿಡಿದರೂ 10.2 ದಾಟುವುದಿಲ್ಲ.

ಕೆಡುವುದು ಬೆಸುಗೆಯಲ್ಲಿ. ಕೊಂಡಿಗಳಿಗೆ ಬೆಸುಗೆ ಜಾಸ್ತಿಯಾದರೆ ಶುದ್ಧತೆ ಇಳಿಯುತ್ತದೆ. ಕ್ಯಾಡ್ಮಿಯಂ ಬೆರೆಸಿದ ಕೆಡಿಎಂ ಬೆಸುಗೆ ಮಾತ್ರ ಬೇಡವೇ ಬೇಡ. ಕ್ಯಾಡ್ಮಿಯಂ ಹೊಗೆ ಕೆಲಸ ಮಾಡುವವರ ಶ್ವಾಸಕೋಶಕ್ಕೆ ವಿಷ. ಇನ್ನೊಂದು ಕೊರತೆ, ಹೀಗೆ ಮಾಡಿಸಿದ ಸರದಲ್ಲಿ ಸಾಮಾನ್ಯವಾಗಿ ಹಾಲ್‌ಮಾರ್ಕಿನ ಗುರುತು ಸಂಖ್ಯೆಯಾದ ಎಚ್‌ಯುಐಡಿ ಇರುವುದಿಲ್ಲ. ಶೋರೂಮಿನದ್ದಾದರೆ ಆರು ಅಕ್ಷರ-ಅಂಕಿಗಳ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಅದು ಕಡ್ಡಾಯ. ಮುಂದೆ ಮಾರುವ ಯೋಚನೆ ಇದ್ದರೆ, ಅಥವಾ ಕಲ್ಲು, ನಕ್ಷೆಯ ಸೂಕ್ಷ್ಮ ಕೆಲಸ ಬೇಕಿದ್ದರೆ, ಶೋರೂಮೇ ಸರಿ.

ಎಲ್ಲಿಗೇ ಹೋಗಿ, ಕರಿಮಣಿ, ಕಲ್ಲು, ಅರಗು ತೆಗೆಸಿಯೇ ತೂಕ ಹಾಕಿಸಿ. ಮೀಟರು ಮೇಲ್ಮೈಯನ್ನಷ್ಟೇ ಓದುತ್ತದೆ. ಕೊಂಡಿಯಲ್ಲಿ ಒಂದು, ಕೊಕ್ಕೆಯ ಬೆಸುಗೆಯಲ್ಲಿ ಇನ್ನೊಂದು ಅಂಕಿ ಬರುವುದು ಅದಕ್ಕೇ. ಕರಗಿಸಿದ ಗಟ್ಟಿಯ ಅಂಕಿಯೇ ನಂಬಲರ್ಹ. ಆದರೆ ಕರಗಿದ ಮೇಲೆ ಸರ ವಾಪಸು ಸಿಗದು, ಚೌಕಾಸಿಗೆ ಬಲವೂ ಇರದು. ರೇಟು, ವೇಸ್ಟೇಜ್, ಮಜೂರಿ ಮೂರನ್ನೂ ಚೀಟಿಯಲ್ಲಿ ಬರೆಸಿಕೊಂಡ ನಂತರವೇ ಮೂಸೆಗೆ ಹಾಕಲು ಬಿಡಿ.