ಅಂಚೆಯಣ್ಣನ ಲೈಫ್ ಸರ್ಟಿಫಿಕೇಟ್ ಸೇವೆಗೆ ಐದಕ್ಕೆ ಐದು, ಆ ಪಿಂಚಣಿಗೆ ಒಂದೂ ಕೊಡಲಾರೆ

ಚಿಕ್ಕಮಗಳೂರು ಕಡೆ ನಿಮ್ಮ ಅಪ್ಪ ಅಮ್ಮನಿಗೆ ಪಿಂಚಣಿ ಬರುತ್ತಿದ್ದರೆ ಲೈಫ್ ಸರ್ಟಿಫಿಕೇಟ್‌ಗೆ, ಅಂದರೆ ಬದುಕಿದ್ದಾರೆ ಅನ್ನುವ ಪ್ರಮಾಣಪತ್ರಕ್ಕೆ ಅಂತ ಅವರನ್ನು ಬಸ್ ಹತ್ತಿಸಬೇಡಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಕಡೆಯಿಂದ ಮನೆ ಬಾಗಿಲಿಗೇ ಬಂದು ಮಾಡಿಕೊಡುತ್ತಾರೆ. ಬರುವವರು ಬೇರೆ ಯಾರೂ ಅಲ್ಲ, ನಮ್ಮ ಊರಿನ ಅಂಚೆಯಣ್ಣನೇ. ಈ ಸಲ ಅಮ್ಮನಿಗೆ ಹಾಗೇ ಮಾಡಿಸಿದೆವು.

ಅಮ್ಮ ಆಲ್ದೂರು ಹತ್ತಿರದ ಎಸ್ಟೇಟ್‌ನಲ್ಲಿ ದುಡಿದವರು. ಕೊಯ್ಲು, ಕಳೆ, ಗೊಬ್ಬರ, ಎಲ್ಲ ಕೆಲಸ. ಅವರಿಗೆ ಬರುವುದು ಪಿಎಫ್ ಪಿಂಚಣಿ, ಅಂದರೆ ಇಪಿಎಸ್-95 (ನೌಕರರ ಪಿಂಚಣಿ ಯೋಜನೆ). ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸದಿದ್ದರೆ ಅದೂ ನಿಂತುಹೋಗುತ್ತದೆ. ಅಂಚೆಯಣ್ಣ ಒಂದು ಮೊಬೈಲು, ಬೆರಳು ಒತ್ತುವ ಪುಟ್ಟ ಯಂತ್ರ ತಂದಿದ್ದರು. ಹೆಬ್ಬೆರಳು ಇಟ್ಟರೆ ಹಿಡಿಯಲಿಲ್ಲ. ತೋರುಬೆರಳೂ ಇಲ್ಲ. ವರ್ಷಗಟ್ಟಲೆ ಹಣ್ಣು ಕಿತ್ತು, ಕತ್ತಿ ಹಿಡಿದು ಅಮ್ಮನ ಬೆರಳಿನ ಗೆರೆಯೇ ಸವೆದಿದೆ. ಹಿಂದೆ ಒಂದು ಕಡೆ ಇದೇ ಕಾರಣಕ್ಕೆ ‘ನಾಳೆ ಬನ್ನಿ’ ಅಂತ ವಾಪಸ್ ಕಳಿಸಿದ್ದರು. ಇವರು ಹಾಗೆ ಮಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ ಇನ್ನೊಮ್ಮೆ ನೋಡಿದರು. ಆಗದಿದ್ದಾಗ ಅಮ್ಮನನ್ನು ಅಂಗಳದ ಬೆಳಕಿಗೆ ಕೂರಿಸಿ, ಕನ್ನಡಕ ತೆಗೆಸಿ, ಮುಖದ ಗುರುತು ತೆಗೆದುಕೊಂಡರು. ‘ಒಂದ್ಸಲ ಕಣ್ಣು ಮಿಟುಕಿಸಿ ಅಮ್ಮಾ’ ಅಂದರು, ಅಷ್ಟೇ. ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಮೆಸೇಜ್ ಬಂತು.

ಮೊದಲು ಇದಕ್ಕೆ 70 ರೂಪಾಯಿ ಶುಲ್ಕ ಇತ್ತು. 2025ರ ನವೆಂಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಜೊತೆ ಒಪ್ಪಂದ ಆದ ಮೇಲೆ ಇಪಿಎಸ್ ಪಿಂಚಣಿದಾರರಿಗೆ ಉಚಿತ. ನಾವು ಏನೂ ಕೊಡಲಿಲ್ಲ. ಒಂದು ಲೋಟ ಕಾಫಿ ಕುಡಿದು ಹೋದರು.

ಸೇವೆ ಇಷ್ಟು ಚೆನ್ನಾಗಿದೆ. ಆದರೆ ಕೈಗೆ ಬರುವ ಪಿಂಚಣಿ ಎಷ್ಟು ಅಂತ ಹೇಳದೆ ಈ ರಿವ್ಯೂ ಮುಗಿಸಲು ನನಗೆ ಮನಸ್ಸಿಲ್ಲ. ಇಪಿಎಸ್‌ನ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅದು ನಿಗದಿ ಆಗಿದ್ದು 2014ರ ಸೆಪ್ಟೆಂಬರ್‌ನಲ್ಲಿ. ತುಟ್ಟಿಭತ್ಯೆ ಇಲ್ಲ, ಅಕ್ಕಿ ಬೇಳೆ ರೇಟು ಎಷ್ಟೇ ಏರಿದರೂ ಇದು ತಾನಾಗಿ ಏರುವುದಿಲ್ಲ. 7,500 ಮಾಡಿ, ತುಟ್ಟಿಭತ್ಯೆ ಸೇರಿಸಿ ಅಂತ ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿದ್ದಾರೆ.

ಇದರ ನಡುವೆ ಆಗಾಗ ಇನ್ನೊಂದು ಮಾತು ಬರುತ್ತದೆ. ಜನ ಜಾಸ್ತಿ ವರ್ಷ ಬದುಕುತ್ತಿದ್ದಾರೆ, ಖಜಾನೆಗೆ ಹೊರೆ, ಹಾಗಾಗಿ ನಿವೃತ್ತಿ ವಯಸ್ಸು ಏರಿಸಬೇಕು ಅಂತ. ಕುರ್ಚಿ ಮೇಲೆ ಕೂತು ಮಾಡುವ ಕೆಲಸಕ್ಕೆ ಇದು ಸರಿ ಇರಬಹುದು. ರಾಜ್ಯ ಸರ್ಕಾರಿ ನೌಕರರಿಗೆ 2008ರಲ್ಲಿ 58ರಿಂದ 60 ಆಯಿತು, ಅದರಿಂದ ತುಂಬಾ ಜನರಿಗೆ ಒಳ್ಳೆಯದೇ ಆಗಿರಬೇಕು. ಆದರೆ ಇಪಿಎಸ್ ಪಿಂಚಣಿ ಶುರುವಾಗುವ ವಯಸ್ಸು 58ನ್ನು 60 ಮಾಡಿದರೆ ತೋಟದವರ ಗತಿ ಏನು? ಇಳಿಜಾರಿನಲ್ಲಿ ಹಣ್ಣಿನ ಚೀಲ ಹೊತ್ತು ಇಳಿಯುವವರ ಮಂಡಿ 58ರ ತನಕ ಬರುವುದೇ ಕಷ್ಟ. ಲೆಕ್ಕವನ್ನೂ ನೋಡಿ. ತಿಂಗಳ ಪಿಂಚಣಿಗೆ ಸರಾಸರಿ ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಸಂಬಳ 10,000 ಅಂತ ಇಟ್ಟುಕೊಂಡರೆ, ಎರಡು ವರ್ಷ ಜಾಸ್ತಿ ದುಡಿದಿದ್ದಕ್ಕೆ ತಿಂಗಳಿಗೆ ಸೇರುವುದು ಸುಮಾರು 285 ರೂಪಾಯಿ, ಆ ಎರಡು ವರ್ಷ ಕೈತಪ್ಪುವ ಪಿಂಚಣಿ ಕಡಿಮೆ ಅಂದರೂ 24,000. ಇದನ್ನು ಸುಧಾರಣೆ ಅಂತ ಹೇಗೆ ಕರೆಯುವುದು?

ಪಕ್ಕದ ಮನೆ ಮೇಷ್ಟ್ರು 2006ರ ಏಪ್ರಿಲ್ ನಂತರ ಸೇರಿದವರು, ಅವರಿಗೆ ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿ ಯೋಜನೆ. ಸಂಬಳದಲ್ಲಿ ಶೇ 10 ಹೋಗುತ್ತದೆ, ಸರ್ಕಾರ ಶೇ 14 ಹಾಕುತ್ತದೆ, ನಿವೃತ್ತಿ ಆದಾಗ ಕೂಡಿದ ಹಣದ ಶೇ 40ರಷ್ಟನ್ನು ಆನ್ಯುಟಿಗೆ, ಅಂದರೆ ತಿಂಗಳ ಪಿಂಚಣಿ ಕೊಡುವ ವಿಮೆಗೆ ಹಾಕಲೇಬೇಕು, ತಿಂಗಳಿಗೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಖಾತ್ರಿ ಮೊತ್ತ ಬರುವ ಹಳೆ ಪಿಂಚಣಿ ಬೇಕು ಅನ್ನುವ ಅವರ ಹೋರಾಟ ನ್ಯಾಯವಾದದ್ದು, ನಾನು ಅವರ ಪರವೇ. ಕೇಂದ್ರ ತನ್ನ ನೌಕರರಿಗೆ 2025ರ ಏಪ್ರಿಲ್‌ನಿಂದ ಯುಪಿಎಸ್ ಅನ್ನುವ ಇನ್ನೊಂದು ಪಿಂಚಣಿ ಯೋಜನೆ ತಂದು, 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಾತ್ರಿ ಮಾಡಿದೆ. 10 ವರ್ಷ ದುಡಿದವರಿಗೂ ಕನಿಷ್ಠ 10,000. ಹತ್ತು ಸಾವಿರದ ಕನಿಷ್ಠ ಒಬ್ಬರಿಗೆ ಬೇಕು ಅಂತ ಗೊತ್ತಾದವರಿಗೆ, ತೋಟದ ಕೂಲಿಗಳ ಲೈನ್ ಮನೆಯಲ್ಲಿರುವ ಹೆಂಗಸಿಗೆ ಒಂದು ಸಾವಿರ ಸಾಲದು ಅಂತ ಗೊತ್ತಾಗುವುದಿಲ್ವಾ? ಚುನಾವಣೆಗೆ ಬರುವವರ ಹತ್ತಿರ ನಮ್ಮ ತೋಟದ ಕಡೆಯವರು ರಸ್ತೆ, ನೀರಿನ ಜೊತೆ ಇದನ್ನೂ ಕೇಳಬೇಕು.

ಸರ್ಟಿಫಿಕೇಟ್ ಮಾಡಿಸುವವರಿಗೆ: ಹತ್ತಿರದ ಅಂಚೆ ಕಚೇರಿಯಲ್ಲಿ ಹೇಳಿದರೆ ಸಾಕು. ಆಧಾರ್, ಪಿಪಿಒ (ಪಿಂಚಣಿ ಆದೇಶ ಪತ್ರದ) ನಂಬರ್, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಬರುವ ಮೊಬೈಲ್ ಇಟ್ಟುಕೊಂಡಿರಿ. ಇಪಿಎಸ್‌ನವರು ನವೆಂಬರ್‌ಗೆ ಕಾಯಬೇಕಿಲ್ಲ, ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ನೆಟ್‌ವರ್ಕ್ ಸಿಗುವ ಜಾಗ ಮೊದಲೇ ನೋಡಿಡಿ, ನಮಗೆ ಗೇಟಿನ ತನಕ ಹೋಗಬೇಕಾಯಿತು.