ಹೆಸರಘಟ್ಟ ಕೆರೆಗೆ ಸುತ್ತು ಹಾಕಲು ಹೊರಟಿದ್ದೀರಾ? ಇದನ್ನೊಮ್ಮೆ ಓದಿ

ಹೆಸರಘಟ್ಟ ಕೆರೆಯ ಏರಿ ಮೇಲೆ ಎಷ್ಟು ಬೇಕಾದರೂ ನಡೆಯಿರಿ. ಆದರೆ ಪೂರ್ತಿ ಒಂದು ಸುತ್ತು ಹಾಕುತ್ತೇವೆ ಅಂತ ಫೋನ್ ಹಿಡಿದುಕೊಂಡು ಕೆರೆ ಅಂಗಳಕ್ಕೆ ಇಳಿಯಬೇಡಿ. ನಾವು ಇಳಿದೆವು.

ಕಳೆದ ಡಿಸೆಂಬರಿನ ಒಂದು ಭಾನುವಾರ. ನಾನು, ಭಾವ, ಅವರ ಮಗ. ಯಾರೋ ಪುಣ್ಯಾತ್ಮರು ಟ್ರೆಕ್ಕಿಂಗ್ ಆ್ಯಪ್‌ನಲ್ಲಿ ಕೆರೆಯ ಸುತ್ತ ಒಂದು ದಾರಿ ಹಾಕಿದ್ದರು. ಕೆಳಗೆ ‘ಸುಲಭ, ಮಕ್ಕಳೂ ನಡೆಯಬಹುದು’ ಅಂತ ಬರೆದಿತ್ತು. ಅದು ಏಪ್ರಿಲ್‌ನಲ್ಲಿ ನಡೆದ ದಾರಿ. ನಾನು ತಾರೀಕು ನೋಡಿದ್ದು ಮನೆಗೆ ಬಂದ ಮೇಲೆ.

ಇದು 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ. ಹೊಳೆ ಸೊರಗಿದ ಮೇಲೆ ವರ್ಷಗಟ್ಟಲೆ ಅಂಗಳ ಬಯಲಾಗಿ ಬಿದ್ದಿತ್ತು. ಜನ ಓಡಾಡಿ ದಾರಿಗಳಾದವು. 2022ರ ಮಳೆಗೆ ಮತ್ತೆ ನೀರು ನಿಂತಿತು. ಆಮೇಲೆ ಕೆರೆಯ ಅಂಚು ತಿಂಗಳಿಗೊಂದು ಕಡೆ ಇರುತ್ತದೆ. ಫೋನಿನಲ್ಲಿರುವ ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ, ಅಲ್ವಾ.

ಏರಿ ಮುಗಿಸಿ ಜೊಂಡು ಬೆಳೆದ ಹಿನ್ನೀರಿನ ಕಡೆ ತಿರುಗಿದೆವು. ನೆಲ ಬಿರುಕು ಬಿಟ್ಟು, ಹಪ್ಪಳದ ಹಾಗೆ ಅಂಚು ಮೇಲೆದ್ದಿತ್ತು. ಹುಡುಗ ಮುಂದೆ ಓಡಿದ. ಅವನಿಗೇನೂ ಆಗಲಿಲ್ಲ. ಅವನು 28 ಕೆಜಿ, ನಾನು 82. ಐದಾರು ಹೆಜ್ಜೆ ಇಟ್ಟೆನೋ ಇಲ್ಲವೋ, ಹಪ್ಪಳ ಮುರಿದು ಎಡಗಾಲು ಮಂಡಿವರೆಗೆ ಒಳಗೆ ಹೋಯಿತು. ಮೇಲೆ ಬೂದು ಮಣ್ಣು, ಒಳಗೆ ಕಪ್ಪು ಹುದುಲು. ಕೊಳೆತ ಮೊಟ್ಟೆಯ ವಾಸನೆ. ಎಳೆದಷ್ಟೂ ಕಚ್ಚಿಕೊಂಡಿತು. ಭಾರವೆಲ್ಲ ಬಲಗಾಲಿನ ಮೇಲೆ ಬಿದ್ದು ಅದೂ ಹೂತುಕೊಂಡಿತು. ಕೈ ಕೊಡಲು ಬಂದ ಭಾವನೂ ಸಿಕ್ಕಿಕೊಂಡರು. ಹುಡುಗ ವಾಪಸ್ ಓಡಿ ಬರಲು ನೋಡಿದಾಗ ನಾನು ಹಾಕಿದ ಕೂಗನ್ನು ಅವನು ಇವತ್ತಿಗೂ ಅಣಕಿಸುತ್ತಾನೆ.

ದನ ಮೇಯಿಸುತ್ತಿದ್ದ ತಾತ ಒಬ್ಬರು ದೂರದಿಂದಲೇ ಕೂಗಿದರು. “ಎಳೀಬ್ಯಾಡ ಕಣಪ್ಪೋ, ಹಿಂದಕ್ಕೆ ಕೂತ್ಕೋ!” ಕೆಸರಲ್ಲಿ ಕೂರುವುದಾ? ಕೂತೆ. ಭಾರ ಹರಡಿ, ಇಳಿಯುವುದು ನಿಂತಿತು. ಆಮೇಲೆ ಅವರು ಹೇಳಿದಂತೆ ಹಿಮ್ಮಡಿಯನ್ನು ಆಚೀಚೆ ಅಲ್ಲಾಡಿಸುತ್ತಾ ಹೋದೆ. ಸಂದಿಯಲ್ಲಿ ನೀರಿಳಿದು ಹಿಡಿತ ಸಡಿಲವಾಯಿತು. ಇಪ್ಪತ್ತು ನಿಮಿಷ ಹಿಡಿಯಿತು. ಕಾಲು ಬಂತು, ಶೂ ಬರಲಿಲ್ಲ. ಭಾವನೂ ಹಾಗೇ ಈಚೆ ಬಂದರು.

ತಾತ ದನಗಳ ಜಾಡು ಹಿಡಿದು ಸುತ್ತಿ ಹೋಗಿ ಹುಡುಗನನ್ನು ಕರೆತಂದರು. ಅವನು ನಿಂತಿದ್ದ ಜಾಗದಿಂದ ನಾಲ್ಕು ಮಾರು ಆಚೆ ನೀರಿನ ಮೇಲೆ ತೇಲುವ ಅಂತರಗಂಗೆ ಕಳೆ ಹಸಿರಾಗಿ ಹಾಸಿತ್ತು. ನಾನು ಹುಲ್ಲು ಅಂದುಕೊಂಡಿದ್ದೆ. “ಅದು ಮಣ್ಣು ತೆಗ್ದಿರೋ ಗುಂಡಿ. ಆಳುದ್ದ ಐತೆ,” ಅಂದರು. ನನ್ನ ಕೈಕಾಲು ತಣ್ಣಗಾಗಿದ್ದು ಆಗಲೇ, ಹುದುಲಲ್ಲಿದ್ದಾಗ ಅಲ್ಲ. ಕೆರೆ ಒಣಗಿದಾಗ ಇಟ್ಟಿಗೆಗೆ, ಹೊಲಕ್ಕೆ ಅಂತ ಮಣ್ಣು ಎತ್ತುತ್ತಾರೆ. ಗುಂಡಿ ಮುಚ್ಚುವವರು ಯಾರೂ ಇಲ್ಲ. ನೀರು ಬಂದರೆ ಮೇಲಿನಿಂದ ಎಲ್ಲ ಒಂದೇ ಸಮ ಕಾಣುತ್ತದೆ.

ಬರಿಗಾಲಿಗೆ ಬಾಟಲಿ ಚೂರು ತಾಗಿ ಕೊಯ್ದಿತ್ತು. ಡಾಕ್ಟರು ಟಿಟಿ ಇಂಜೆಕ್ಷನ್ ಕೊಟ್ಟರು. ಮುಂದಿನ ಕೆಲವು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಕೆರೆ ನೀರಿನ ವಿಷಯ ಹೇಳಿಯೇ ತೋರಿಸಿಕೊಳ್ಳಬೇಕು ಅಂದರು. ಇಲಿಗಳ, ದನಗಳ ಉಚ್ಚೆ ಸೇರಿದ ನೀರು ಗಾಯಕ್ಕೆ ತಗುಲಿದರೆ ಇಲಿ ಜ್ವರ ಬರಬಹುದಂತೆ. ಸದ್ಯ, ಬರಲಿಲ್ಲ.

ಮಳೆಗಾಲ ಮುಗಿದ ಮೇಲೆ ಹೋಗುವವರು ಏರಿ ಮೇಲೆ ಹೋಗಿ, ಏರಿ ಮೇಲೆಯೇ ವಾಪಸ್ ಬನ್ನಿ. ಹಕ್ಕಿಗಳೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ. ಆ್ಯಪ್‌ನಲ್ಲಿ ದಾರಿ ಹಾಕಿದವರಿಗೆ ಇದನ್ನೆಲ್ಲ ಎರಡು ಸಲ ಬರೆದೆ. ‘ಸುಲಭ, ಮಕ್ಕಳೂ ನಡೆಯಬಹುದು’ ಅನ್ನೋ ಸಾಲು ಇವತ್ತು ಬೆಳಿಗ್ಗೆವರೆಗೂ ಹಾಗೇ ಇತ್ತು.